ಅಜ್ಜಿಯ ಕಣ್ಣಿನ ಪೊರೆ ಹಣ್ಣಾದ ಕಾಲ

ಆಗೆಲ್ಲ ನಮ್ಮ ಮನೆಗೆ ಬೇಸಿಗೆ ಬಂದದ್ದು ಮೊದಲು ಮೂಗಿಗೆ ಗೊತ್ತಾಗುತ್ತಿತ್ತು. ಅಗ್ರಹಾರದಲ್ಲಿ ತಾತನದೊಂದು ಬೂಸಾ ಅಂಗಡಿ ಇತ್ತು. ಅದರ ಅಟ್ಟದ ಮೇಲೆ ಅವರು ಒಣಹುಲ್ಲು ಹರಡಿ, ಊರಿನಿಂದ ಬಂದ ಮಾವಿನಕಾಯಿಗಳನ್ನು ಮುಚ್ಚಿಡುತ್ತಿದ್ದರು. ಸಂಜೆ ಕೃಷ್ಣಮೂರ್ತಿಪುರಂನ ಮನೆಗೆ ಬಂದು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದರೆ ಸಾಕು, ಕಡಲೆಹಿಂಡಿಯ ವಾಸನೆಯೂ ಹಣ್ಣಿನ ವಾಸನೆಯೂ ಸೇರಿ ನಡುಮನೆಯೆಲ್ಲ ತುಂಬಿಕೊಳ್ಳುತ್ತಿತ್ತು. ಶಾಲೆಗೆ ರಜ. ಹಿತ್ತಲಲ್ಲಿ ಮರಳಿನ ಮೇಲೆ ಕೂರಿಸಿದ ಮಣ್ಣಿನ ಹೂಜಿ. ಮಧ್ಯಾಹ್ನಕ್ಕೆ ಕರಿಬೇವು, ಶುಂಠಿ ಜಜ್ಜಿ ಹಾಕಿದ ನೀರುಮಜ್ಜಿಗೆ. ನನಗಾಗ ಒಂಬತ್ತೋ ಹತ್ತೋ ವರ್ಷ.

ಅಜ್ಜಿ ನಂಜನಗೂಡಿನ ಕಡೆಯ ಹಳ್ಳಿಯವರು. ಓದು ಬರಹ ತಿಳಿಯದು, ಮಂತ್ರವೂ ತಿಳಿಯದು. ದಿನಾ ಬೆಳಿಗ್ಗೆ ಮುಖ ತೊಳೆದುಕೊಂಡು ಹಿತ್ತಲಲ್ಲಿ ನಿಂತು ಚಾಮುಂಡಿ ಬೆಟ್ಟದ ಕಡೆ ಕೈ ಮುಗಿಯುತ್ತಿದ್ದರು. "ತಾಯಿ, ಎಲ್ಲಾರ್ನೂ ಚೆಂದಾಗಿ ಮಡಗು." ಅಷ್ಟೇ ಅವರ ಪೂಜೆ. ಅದಾಗದೆ ಬಾಯಿಗೆ ಒಂದು ಗುಟುಕು ಕಾಫಿ ಬಿಡುತ್ತಿರಲಿಲ್ಲ.

ಆ ಬೇಸಿಗೆಯ ಒಂದು ಬೆಳಿಗ್ಗೆ ನಾನು ಅವರ ಪಕ್ಕದಲ್ಲೇ ಹಲ್ಲುಜ್ಜುತ್ತಾ ನಿಂತಿದ್ದೆ. ಅಜ್ಜಿ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದರು.

"ಬೆಟ್ಟಕ್ಕೆ ಮೋಡ ಕವುಚ್ಕೊಂಡದಾ ಮಗ?"

ಆಕಾಶದಲ್ಲಿ ಹತ್ತಿಯ ಎಳೆಯಷ್ಟೂ ಮೋಡವಿರಲಿಲ್ಲ. "ಇಲ್ವಲ್ಲ ಅಜ್ಜಿ, ಬೆಟ್ಟ ಕಾಣ್ತಾ ಇದೆ" ಎಂದೆ. ಅಜ್ಜಿ ಸೆರಗಿನಿಂದ ಕಣ್ಣು ತೀಡಿಕೊಂಡು ಮತ್ತೆ ನೋಡಿದರು. ಬಾಗಿಲಲ್ಲಿದ್ದ ಅಮ್ಮ ಅದನ್ನು ಕೇಳಿಸಿಕೊಂಡಳು. ಅಕ್ಕಿ ಆರಿಸುವಾಗ ಅಜ್ಜಿ ಕಲ್ಲು ಬಿಡುತ್ತಿದ್ದುದನ್ನು, ಹೊಸಿಲು ಎಡವುತ್ತಿದ್ದುದನ್ನು ಅವಳು ಆಗಲೇ ಗಮನಿಸಿದ್ದಳಂತೆ.

ಅಪ್ಪ ಕಚೇರಿಗೆ ರಜ ಹಾಕಿ ಜಟಕಾ ಗಾಡಿಯಲ್ಲಿ ಅಜ್ಜಿಯನ್ನು ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋದರು. ನಾನೂ ಜೊತೆಗಿದ್ದೆ. ಡಾಕ್ಟರು ದೀಪ ಹಿಡಿದು ಎರಡೂ ಕಣ್ಣು ನೋಡಿದರು. "ಪೊರೆ ಬಂದಿದೆ. ಆಪರೇಷನ್ ಮಾಡಿದರೆ ಕಾಣಿಸುತ್ತೆ. ಆದರೆ ಈ ಸೆಖೆಯಲ್ಲಿ ಮುಟ್ಟೋದು ಬೇಡ, ಗಾಯ ಮಾಯೋದು ಕಷ್ಟ. ಬೇಸಿಗೆ ಕಳೀಲಿ, ಮಳೆ ಹೋಗಲಿ. ಅಷ್ಟರಲ್ಲಿ ಪೊರೆಯೂ ಹಣ್ಣಾಗುತ್ತೆ" ಎಂದರು.

ಗಾಡಿಯಲ್ಲಿ ಅಜ್ಜಿ, "ನನ್ ಕಣ್ಣ ಏನಂದ್ಕೊಂಡವ್ರೆ ಆ ಡಾಕ್ಟ್ರು, ಅಟ್ಟದ ಮೇಲಿನ ಮಾವಿನಕಾಯಾ?" ಎಂದು ನಕ್ಕರು. ಮನೆ ತಲುಪಿದ ಮೇಲೆ ನಗು ಹೋಯಿತು. ಅವರ ಅಕ್ಕನಿಗೂ ಹೀಗೇ ಆಗಿತ್ತಂತೆ. ಊರೂರು ತಿರುಗುವ ಯಾವನೋ ಕಣ್ಣಿನ ಪಂಡಿತ ಬಂದು ಸೂಜಿ ಹಾಕಿದನಂತೆ. ಆಮೇಲೆ ಆ ದೊಡ್ಡಜ್ಜಿ ಕಣ್ಣು ಪೂರ್ತಿ ಹೋಗಿ, ಸಾಯುವವರೆಗೂ ಜಗಲಿಯ ಮೇಲೆ ಕೂತೇ ಕಾಲ ಕಳೆದರಂತೆ.

"ಮಸಕಾಗಿ ಆದ್ರೂ ಕಾಣ್ತದಲ್ಲ, ಅಷ್ಟು ಸಾಕು. ಚೂರಿ ಮಾತ್ರ ಬ್ಯಾಡ ಕಣಪ್ಪ" ಎಂದರು ಅಪ್ಪನಿಗೆ.

"ಹೇಗೂ ಕಾಯೋದಿದೆಯಲ್ಲವ್ವ, ಆಮೇಲೆ ನೋಡೋಣ ಬುಡು" ಎಂದರು ಅಪ್ಪ.

ಹೀಗೆ ನಮ್ಮ ಮನೆಯಲ್ಲಿ ಕಾಯುವುದು ಶುರುವಾಯಿತು. ಅಜ್ಜಿಯ ಜೊತೆಗೆ ನಾನು. ಮಧ್ಯಾಹ್ನ ಅಳಗುಳಿಮಣೆ ಆಡುತ್ತಿದ್ದೆವು. ಅಜ್ಜಿ ಬೆರಳ ತುದಿಯಲ್ಲೇ ಗುಳಿಯೊಳಗಿನ ಹುಣಸೆಬೀಜ ಮುಟ್ಟಿ ನೋಡಿ, ನನ್ನ ಮನೆಗಳನ್ನೆಲ್ಲ ಬರಿದು ಮಾಡುತ್ತಿದ್ದರು. ಬೆಳಗಿನ ತಂಪಿನಲ್ಲಿ ಅವರ ಕೈ ಹಿಡಿದು ಕುಕ್ಕರಹಳ್ಳಿ ಕೆರೆಯವರೆಗೆ ನಡೆಸಿಕೊಂಡು ಹೋಗುವುದೂ ನನ್ನ ಕೆಲಸ. ಆಗ ಕೆರೆಯ ನೀರು ಹಿಂದೆ ಸರಿದು, ಅಂಚಿನ ಕೆಸರು ಬಿರುಕು ಬಿಟ್ಟು, ಒಣಪಾಚಿಯ ವಾಸನೆ ಹೊಡೆಯುತ್ತಿತ್ತು. "ಏನೇನ್ ಕಾಣ್ತದೆ ಏಳು" ಎನ್ನುತ್ತಿದ್ದರು ಅಜ್ಜಿ. ನಾನು ಹೇಳುತ್ತಾ ಹೋಗುತ್ತಿದ್ದೆ. ಹೇಳಲೇಬೇಕಾದ್ದರಿಂದ ನೋಡಲೇಬೇಕಾಗುತ್ತಿತ್ತು.

ಮುಂಗಾರು ಬಂತು. ಶಾಲೆ ತೆರೆಯಿತು. ಆಷಾಢದ ಗಾಳಿಗೆ ಹಿತ್ತಲಿನ ಬಾಳೆಯೆಲೆಗಳೆಲ್ಲ ಸೀಳಿಹೋದವು. ಮೋಡದ ಮಬ್ಬು ಬೆಳಕಿನಲ್ಲಿ ಅಜ್ಜಿಯ ಕಣ್ಣು ಇನ್ನಷ್ಟು ಇಳಿಯಿತು. ಬಾಗಿಲು ಯಾವುದು, ಗೋಡೆ ಯಾವುದು ಎಂದು ಕೈಚಾಚಿ ಹುಡುಕುವಂತಾಯಿತು. ಶ್ರಾವಣದ ಹೊತ್ತಿಗೆ ಅವರು ಹಿತ್ತಲಿಗೆ ಹೋಗುವುದನ್ನೇ ಬಿಟ್ಟರು. ಮುಖ ತೊಳೆದುಕೊಂಡು ಬಂದು ಮೂಲೆಯಲ್ಲಿ ಕೂತುಬಿಡುತ್ತಿದ್ದರು.

"ಕೈ ಮುಗಿಯಲ್ವಾ ಅಜ್ಜಿ?" ಎಂದೆ ಒಂದು ದಿನ.

"ಎತ್ತಾಗ್ ನೋಡ್ಕೊಂಡು ಮುಗೀಲಿ ಮಗ? ಗೋಡೆಗೆ ಮುಗ್ದಂಗಾಯ್ತದೆ."

ನಾನು ಅವರನ್ನು ಎಬ್ಬಿಸಿ ಹಿತ್ತಲಿಗೆ ಕರೆದೊಯ್ದು, ಎರಡೂ ಭುಜ ಹಿಡಿದು ಬೆಟ್ಟದ ಕಡೆಗೆ ತಿರುಗಿಸಿ ನಿಲ್ಲಿಸಿದೆ. ಅಜ್ಜಿ ನನ್ನ ತಲೆ ಸವರಿದರು. ಕೈ ಮಾತ್ರ ಮುಗಿಯಲಿಲ್ಲ. ಆವತ್ತು ತಾತ ತಟ್ಟೆಯಲ್ಲಿ ಮುದ್ದೆ ಹಾಗೇ ಬಿಟ್ಟು ಎದ್ದರು. ತಾತ ಹಾಗೆ ಊಟ ಬಿಟ್ಟಿದ್ದನ್ನು ನಾನು ಮೊದಲು ಕಂಡಿರಲಿಲ್ಲ.

ಭಾದ್ರಪದದ ಮಳೆಯಲ್ಲಿ ಮನೆಯೆಲ್ಲ ಒದ್ದೆ ಬಟ್ಟೆಯ ಕಮಟು. ಪಿತೃಪಕ್ಷ ಬಂತು, ಹಿರಿಯರಿಗೆ ಎಡೆ ಇಟ್ಟೆವು. ಅದು ಮುಗಿದ ಮೇಲೆ ಒಂದು ಬೆಳಿಗ್ಗೆ ಅಜ್ಜಿ ತಾವಾಗಿಯೇ ಎದ್ದು ಬಂದು ಹಿತ್ತಲ ಬಾಗಿಲಲ್ಲಿ ನಿಂತಿದ್ದರು. ಅಂಗೈಯನ್ನು ಬಿಸಿಲಿಗೆ ಒಡ್ಡಿಕೊಂಡಿದ್ದರು, ಯಾರೋ ಏನೋ ಕೊಡುತ್ತಾರೇನೋ ಎಂಬಂತೆ.

"ಬಿಸ್ಲು ಮೆತ್ತಗಾಗದೆ ಕಣವ್ವ" ಎಂದರು. "ನೆನ್ನೆಗಂಟ ಇಂಗಿರ್ನಿಲ್ಲ. ನಡಿ, ಕೆರೆ ತಾವ್ಕೆ ಓಗವಾ."

ತಿಂಗಳುಗಳ ನಂತರ ಕೆರೆಗೆ ಹೋದೆವು. ದಾರಿಯಲ್ಲಿ ತುಂಬೆ ಹೂ ಬಿಟ್ಟಿತ್ತು. ಹುಲ್ಲಿನ ಮೇಲೆ ಗಾಜಿನಂಥ ರೆಕ್ಕೆಯ ಕೊಡತಿಹುಳಗಳು ಹಾರಾಡುತ್ತಿದ್ದವು. ಆಚೆ ಹೊಲಗಳಲ್ಲಿ ಹುಚ್ಚೆಳ್ಳು ಹಳದಿಯಾಗಿ ಅರಳಿತ್ತು. ಆಕಾಶವನ್ನು ಯಾರೋ ತಿಕ್ಕಿ ತೊಳೆದು ಒಣಗಿ ಹಾಕಿದ ಹಾಗಿತ್ತು. ನಾನು ಒಂದೊಂದನ್ನೇ ಹೇಳುತ್ತಾ ಬಂದೆ. ಅಜ್ಜಿ ಏರಿಯಿಂದ ಇಳಿದು ನೀರಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತರು. ಬೊಗಸೆಯಲ್ಲಿ ನೀರು ಎತ್ತಿ, ಬೆರಳ ಸಂದಿಯಲ್ಲಿ ಸೋರಲು ಬಿಟ್ಟು, ಬೆರಳುಗಳನ್ನು ಒಂದಕ್ಕೊಂದು ಉಜ್ಜಿದರು.

"ಮಣ್ಣು ಸಿಕ್ತಾ ಇಲ್ಲ. ನೀರು ತಿಳಿಯಾಗದಾ?"

"ಹೂಂ ಅಜ್ಜಿ. ತಳದ ಕಲ್ಲು ಕಾಣ್ತದೆ."

"ಓದ್ ತಿಂಗ್ಳು ಕೆಮ್ಮಣ್ಣಿನ ನೀರಾಗಿದ್ದೀತು. ಯಾರಾದ್ರೂ ಕೈ ಆಕಿ ಸೋಸಿದ್ರಾ? ಇಲ್ಲ. ಬಿಸ್ಲಾಗೆ ಬತ್ತಿ, ಮಳೇಲಿ ಕದಡಿ, ಈಗ ಮಣ್ಣು ತಾನಾಗೇ ಕೂತ್ಕಂತು." ಅಜ್ಜಿ ಮತ್ತೆ ನೀರಿಗೆ ಕೈ ಅದ್ದಿದರು. "ನಾನೇ ಸುಮ್ಕೆ ಕದಡ್ಕೊಂಡು ಕೂತಿದ್ದೆ ಕಣೆ ಇಷ್ಟು ದಿನ."

ಆಮೇಲೆ ಎದ್ದು ನಿಂತು ಆ ಒದ್ದೆ ಕೈಗಳನ್ನೇ ಮುಗಿದರು. ಅವರು ನಿಂತದ್ದು ನೀರಿನ ಕಡೆ ಮುಖ ಮಾಡಿ. ಬೆಟ್ಟ ಅವರ ಬೆನ್ನ ಹಿಂದಿತ್ತು. ನಾನು ಭುಜ ಹಿಡಿದು ತಿರುಗಿಸಲು ಹೋದೆ.

"ಬುಡು ಮಗ, ಎತ್ತಾಗಾದ್ರೂ ಸರಿ. ಅವ್ಳು ಎಲ್ಲಿಲ್ಲ?" ಎಂದರು.

ಮನೆಗೆ ಬಂದವರೇ ಅಪ್ಪನನ್ನು ಕರೆದು, "ಆ ಡಾಕ್ಟ್ರಿಗೆ ಏಳಪ್ಪ, ಮಳೆ ಓಯ್ತು ಅಂತ" ಎಂದರು.

ಊರೆಲ್ಲ ಹಬ್ಬಕ್ಕೆ ಹೋಗುವುದರಿಂದ ಆ ವಾರ ಆಸ್ಪತ್ರೆಯಲ್ಲಿ ಹಾಸಿಗೆಗಳು ಖಾಲಿ ಇದ್ದುವು. ಹಾಗಾಗಿ ವಿಜಯದಶಮಿಗೆ ಎರಡು ದಿನ ಮುಂಚೆ ಅಜ್ಜಿಯ ಆಪರೇಷನ್ ಆಯಿತು. ಈಗಿನಂತಲ್ಲ ಅದು. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ, ತಲೆ ಅಲುಗದಂತೆ ಅತ್ತಿತ್ತ ಮರಳಿನ ಚೀಲ ಇಟ್ಟು ಅಂಗಾತ ಮಲಗಿಸಿದ್ದರು. ಕೆಮ್ಮಬಾರದು, ಸೀನಬಾರದು, ಬೆಚ್ಚಿಬೀಳಲೇಬಾರದು. ಹೊಲಿಗೆ ಬಿಟ್ಟರೆ ಕಣ್ಣು ಹೋದಂತೆಯೇ ಎಂದು ನರ್ಸಮ್ಮ ಹೇಳಿದ್ದರು.

ತಾತ ಇದ್ದಕ್ಕಿದ್ದಂತೆ, "ಅಂಬಾರಿ ಸವಾರಿ ದಿನ ಕುಶಾಲತೋಪು ಹಾರಿಸ್ತಾರಲ್ಲ!" ಎಂದರು. ಅದು ಯಾರಿಗೂ ಹೊಳೆದಿರಲಿಲ್ಲ.

ವಿಜಯದಶಮಿಯ ಮಧ್ಯಾಹ್ನ ವಾರ್ಡು ಬಣಗುಟ್ಟುತ್ತಿತ್ತು. ಮಹಾರಾಜರು ಅಂಬಾರಿಯಲ್ಲಿ ಹೋಗುವುದನ್ನು ನೋಡಲು ಊರಿಗೆ ಊರೇ ನೆರೆದಿತ್ತು. ಅಪ್ಪ ನನ್ನನ್ನೂ ಕರೆದರು. ನಾನು ಒಲ್ಲೆ ಎಂದೆ. ತಾತ ಮಂಚದ ತಲೆದೆಸೆಯಲ್ಲಿ ಸ್ಟೂಲು ಹಾಕಿಕೊಂಡು, ಬಗ್ಗಿ, ಅಜ್ಜಿಯ ಎರಡೂ ಕೆನ್ನೆಗಳಿಗೆ ಅಂಗೈ ಆನಿಸಿ ಕೂತಿದ್ದರು. ಮೊದಲ ತೋಪು ಗುಡುಗಿದಾಗ ಕಿಟಕಿಯ ಗಾಜು ಅದುರಿತು, ನಾನು ಬೆಚ್ಚಿದೆ. ಅಜ್ಜಿ ಅಲುಗಲಿಲ್ಲ.

"ಅಂಬಾರಿ ಒರಟ್ತಾ?" ಎಂದರು ತುಟಿ ಅಲುಗಿದಷ್ಟೇ.

"ಮಾತಾಡ್ಬೇಡ" ಎಂದರು ತಾತ.

"ಮದ್ವೆ ಆದ ವರ್ಸ ಜನದ ನೂಕಾಟ್ದಲ್ಲಿ ನನ್ ಕೈ ಇಡ್ಕೊಂಡು ಸವಾರಿ ತೋರಿಸಿದ್ರಿ. ಆಮ್ಯಾಕೆ ಇವತ್ತೇಯಾ ನೀವು ನನ್ನ ಇಡ್ಕೊಂಡಿರೋದು."

ತೋಪುಗಳೆಲ್ಲ ನಿಂತ ಮೇಲೂ, ದೂರದ ಬ್ಯಾಂಡಿನ ಸದ್ದು ಕರಗಿದ ಮೇಲೂ ತಾತ ಕೈ ತೆಗೆಯಲಿಲ್ಲ.

ಪಟ್ಟಿ ಬಿಚ್ಚಿದಾಗ ಅಜ್ಜಿಗೆ ಬೆಳಕು, ಬಣ್ಣ ಅಷ್ಟೇ ಕಂಡಿತು. ದಪ್ಪ ಗಾಜಿನ ಕನ್ನಡಕ ಬಂದದ್ದು ಕಾರ್ತಿಕದಲ್ಲಿ. ನಡುಮನೆಯಲ್ಲಿ ಎಲ್ಲರೂ ಸುತ್ತ ನಿಂತಿದ್ದೆವು. ಅಪ್ಪ ಕನ್ನಡಕ ಹಾಕಿದರು. ಅಜ್ಜಿ ನನ್ನನ್ನು ನೋಡಿ "ಎಷ್ಟು ಎತ್ರ ಆಗ್ಬುಟ್ಟಿದ್ದೀಯೆ" ಎಂದರು. ಆಮೇಲೆ ತಾತನ ಕಡೆ ತಿರುಗಿದರು. ನೋಡಿದರು, ಮತ್ತೆ ನೋಡಿದರು. ತಾತನ ಹುಬ್ಬು ಕೂಡ ಬೆಳ್ಳಗಾಗಿತ್ತು, ಕೆನ್ನೆ ಒಳಕ್ಕೆ ಹೋಗಿತ್ತು.

"ಅಯ್ಯೋ ನಮ್ಮಪ್ಪ! ನೀವು ಯಾವಾಗ ಇಷ್ಟು ಮುದುಕ್ರಾದ್ರಿ?"

"ನೀನು ನೋಡ್ದೇ ಇದ್ದಾಗ ಕಣೆ" ಎಂದರು ತಾತ. ಎಲ್ಲರೂ ನಕ್ಕೆವು. ಅಜ್ಜಿ ನಗುತ್ತಲೇ ಕನ್ನಡಕ ತೆಗೆದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಕಣ್ಣು ಒದ್ದೆ ಮಾಡಿಕೊಳ್ಳಬಾರದು ಎಂದು ಡಾಕ್ಟರು ಹೇಳಿದ್ದನ್ನು ಅಮ್ಮ ಮತ್ತೆ ಮತ್ತೆ ನೆನಪಿಸುತ್ತಿದ್ದಳು.

ಈಗ ನನಗೂ ಆ ವಯಸ್ಸು. ಎರಡು ವರ್ಷದ ಹಿಂದೆ ನನ್ನ ಕಣ್ಣಿಗೂ ಪೊರೆ ಬಂತು. ಏಪ್ರಿಲ್ ತಿಂಗಳು. "ಬೇಸಿಗೆ ಕಳೀಲಿ ಡಾಕ್ಟರೇ" ಎಂದೆ. ಮಗನ ವಯಸ್ಸಿನ ಆ ಡಾಕ್ಟರು ನಕ್ಕು, "ಈಗ ಎಲ್ಲ ಕಾಲವೂ ಒಂದೇ ಅಮ್ಮ. ಹಣ್ಣಾಗೋವರೆಗೆ ಕಾಯೋ ಅಗತ್ಯವೂ ಇಲ್ಲ" ಎಂದರು. ಬೆಳಿಗ್ಗೆ ಹೋದವಳು ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿದ್ದೆ. ನೋವಿಲ್ಲ, ಮರಳಿನ ಚೀಲವಿಲ್ಲ, ಯಾರೂ ನನ್ನ ತಲೆ ಹಿಡಿದು ಕೂರಬೇಕಾಗಲಿಲ್ಲ. ದೂರುವುದಕ್ಕೆ ಏನೂ ಇಲ್ಲ. ಅಜ್ಜಿಗೆ ಇದು ಸಿಕ್ಕಿದ್ದರೆ ಅವರು ಒಂದು ಬೆಳಿಗ್ಗೆಯೂ ಬೆಟ್ಟವನ್ನು ಕಳೆದುಕೊಳ್ಳಬೇಕಿರಲಿಲ್ಲ.

ಆದರೂ ಒಂದು ಮಾತು ನನ್ನನ್ನು ಕೊರೆಯುತ್ತದೆ. ಅಜ್ಜಿಯ ಕಣ್ಣು ಕಾಣದಿದ್ದ ಆ ವರ್ಷ ಬಿಸಿಲು ಹದವಾದ ಬೆಳಿಗ್ಗೆ ಯಾವುದೆಂದು ಇಂದಿಗೂ ಹೇಳಬಲ್ಲೆ. ಅದರ ಗಾಳಿ, ನೀರಿನ ಬಣ್ಣ, ಹುಲ್ಲಿನ ಮೇಲಿನ ಹುಳ ಎಲ್ಲವೂ ನನ್ನಲ್ಲಿವೆ. ಹೋದ ವರ್ಷ ಮಳೆಗಾಲ ಮುಗಿದು ಶರತ್ಕಾಲ ಬಂದದ್ದು ಯಾವಾಗ ಎಂದು ಯಾರಾದರೂ ಕೇಳಿದರೆ ನನಗೆ ತಿಳಿಯದು. ನನ್ನ ಕಣ್ಣುಗಳು ಚೆನ್ನಾಗಿಯೇ ಇದ್ದುವು. ನಾನೇ ನೋಡಿರಲಿಲ್ಲ.