ಕಿವಿ ತೋರಿಸು ಎಂದವನು

ಬೀರಣ್ಣನ ಬಲಗೈ ಮುರಿದವನು ನಾನು. ಇದೇನೂ ಗುಟ್ಟಲ್ಲ, ಕಲ್ಯಾಣದುರ್ಗದ ಕಡೆ ಕುರಿ ಸಾಕುವವರಿಗೆಲ್ಲ ಗೊತ್ತು. ಹೆಂಡತಿಯ ಕುರಿ ಕದ್ದ ಕಳ್ಳನಿಗೆ ಗಂಡ ತಕ್ಕ ಶಾಸ್ತಿ ಮಾಡಿದ ಎಂದು ಅವರು ಹೇಳಿಕೊಳ್ಳುತ್ತಿದ್ದರು. ಗುಟ್ಟು ಬೇರೆಯೇ ಇತ್ತು — ಆ ಕುರಿಗಳನ್ನು ಕದ್ದವನೂ ನಾನೇ.

ಬರೆದುಬಿಟ್ಟೆ. ಹೊರಗೆ ಹಾಕಿದರೆ ಎದೆ ಹಗುರಾದೀತು ಎಂದುಕೊಂಡಿದ್ದೆ... ಆಗಲಿಲ್ಲ. ಸರಿ, ಪೂರ್ತಿ ಹೇಳುತ್ತೇನೆ.

ಹಿಂದೂಪುರದಲ್ಲಿ ಲಗೇಜ್ ಆಟೊ ಓಡಿಸುವವನು ನಾನು. ಹುಣಸೆಹಣ್ಣಿನ ಮೂಟೆ ಹೇರಿಕೊಂಡು ಗೋರಂಟ್ಲ, ಪೆನುಕೊಂಡ ಎಂದು ಸುತ್ತುತ್ತೇನೆ. ನನಗೆ ಮೂಗಿನ ತುದಿಯಲ್ಲೇ ಕೋಪ. ಬಾಡಿಗೆ ಚೌಕಾಸಿ ಮಾಡಿದವನ ಕೊರಳಪಟ್ಟಿ ಹಿಡಿದಿದ್ದೇನೆ. ಸಾರಿಗೆ ಉಪ್ಪು ಸಾಲದೆಂದು ತಟ್ಟೆಯನ್ನು ಗೋಡೆಗೆ ಬೀಸಿದ್ದೇನೆ. ಒಮ್ಮೆ ಗೌರಿಯ ಕೆನ್ನೆಗೂ — ಇಲ್ಲ, ಒಮ್ಮೆಯಲ್ಲ. ಅದನ್ನೂ ಸರಿಯಾಗಿಯೇ ಬರೆಯಬೇಕು.

ಗೌರಿ ನನ್ನ ಹೆಂಡತಿ. ಮಂಡಿಯಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುವ ಕೂಲಿ ಅವಳದು. ಆ ಮಂಡಿಯಲ್ಲಿ ಹಣ್ಣು ಸಾಹುಕಾರನದು, ಉದುರಿದ ಬೀಜ ಕುಟ್ಟಿದವರದು. ಉಳಿದ ಹೆಂಗಸರು ಬೀಜ ಮಾರಿದ ಕಾಸನ್ನು ಅಂದಂದೇ ಬೋಂಡಕ್ಕೋ ಬಳೆಗೋ ಮುಗಿಸುತ್ತಿದ್ದರು. ಗೌರಿ ಮುಟ್ಟುತ್ತಿರಲಿಲ್ಲ. ಕೂಲಿ ಹೊಟ್ಟೆಗೆ, ಬೀಜ ಮಗಳಿಗೆ ಎನ್ನುತ್ತಿದ್ದಳು. ನಮ್ಮ ಒಬ್ಬಳೇ ಮಗಳು ಪಾರ್ವತಿ ಆಗ ಶಾಲೆಯಲ್ಲಿದ್ದಳು. ಅವಳನ್ನು ನರ್ಸ್ ಓದಿಸಲೇಬೇಕೆಂದು ಗೌರಿಗೆ ಹಟ. ಮನೆಯಲ್ಲಿ ದುಡ್ಡಿಟ್ಟರೆ ಅದು ನನ್ನ ಕೈಗೆ ಸಿಗುತ್ತದೆಂಬುದು ಅವಳಿಗೆ ಗೊತ್ತಿತ್ತು. ಅದಕ್ಕೇ ದುಡ್ಡು ಸೇರಿದಾಗಲೆಲ್ಲ ಒಂದು ಕುರಿ ಕೊಂಡಳು.

ಅವಳ ತವರು ಕಲ್ಯಾಣದುರ್ಗದ ಪಕ್ಕದ ಹಳ್ಳಿ. ಅಲ್ಲಿ ಕುರಿಯನ್ನು ಪಾಲಿಗೆ ಬಿಡುವ ಪದ್ಧತಿಯಿದೆ. ಕುರಿ ನಮ್ಮದು, ಮೇಯಿಸುವ ಕೆಲಸ ಮಂದೆಯವನದು, ಹುಟ್ಟಿದ ಮರಿಗಳಲ್ಲಿ ಇಬ್ಬರಿಗೂ ಅರ್ಧರ್ಧ. ನಮ್ಮ ಕುರಿ ಎಂದು ಗೊತ್ತಾಗಲು ಕಿವಿಯಲ್ಲಿ ಒಂದು ಕಚ್ಚು ಮಾಡಿರುತ್ತಾರೆ. ಕುರಿ ಸತ್ತರೆ ಮಂದೆಯವನು ಆ ಕಿವಿಗಳನ್ನು ಕೊಯ್ದು ತಂದು ತೋರಿಸಬೇಕು. ತೋರಿಸದಿದ್ದರೆ ಮಾರಿಕೊಂಡ ಎಂದು ಅರ್ಥ. ಕಾಗದ ಪತ್ರ ಏನೂ ಇಲ್ಲ.

ಗೌರಿ ಕುರಿ ಬಿಟ್ಟದ್ದು ಬೀರಣ್ಣನ ಮಂದೆಯಲ್ಲಿ. ಅವಳ ಊರಿನವನೇ, ಅವಳಿಗೆ ಅಣ್ಣನ ಸಮಾನ. ವರ್ಷಗಳು ಕಳೆದಂತೆ ಅದು ಒಂದು ಸಣ್ಣ ಹಿಂಡೇ ಆಯಿತು. ರೋಗ ಬಂದು ಕೆಲವು ಸತ್ತಾಗ ಬೀರಣ್ಣ ಕಿವಿಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡು, ಬಸ್ಸಿನಲ್ಲಿ ಹಿಂದೂಪುರಕ್ಕೆ ಬಂದು, ನಮ್ಮ ಜಗುಲಿಯ ಮೇಲೆ ಬಿಚ್ಚಿಟ್ಟ. ಗೌರಿ ಅತ್ತಳು. ಆಮೇಲೆ ಅವನಿಗೆ ಮುದ್ದೆ ಬಡಿಸಿ, "ಹೋಗ್ಲಿ ಬಿಡಣ್ಣ, ಉಳ್ದಿರೋವು ಮತ್ತೆ ಈಯ್ತವೆ" ಎಂದಳು. ಅವಳ ಭರವಸೆ ಅಂಥದ್ದು. ಅದನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಯಾಕೆ ಉರಿಯುತ್ತಿತ್ತೋ — ನನ್ನ ದುಡಿಮೆ ನೀರಿನಂತೆ ಹರಿದುಹೋಗುತ್ತಿದ್ದಾಗ ಅವಳ ಹುಣಸೆ ಬೀಜ ಮರಿ ಹಾಕುತ್ತಿತ್ತಲ್ಲ, ಅದಕ್ಕೇ ಇರಬೇಕು.

ನನ್ನದು ಹರಿದುಹೋದದ್ದು ಕೊಡಿಕೊಂಡದ ಹತ್ತಿರ, ಒಂದು ಢಾಬಾದ ಹಿಂದೆ, ಲಾರಿಯವರ ಜೊತೆ ಇಸ್ಪೀಟಿನಲ್ಲಿ. ಒಂದು ಸಂಜೆ ಆಟೊದ ಕಂತಿನ ಹಣವನ್ನೂ ಸೋತೆ. ಮಾರನೆಯ ಬೆಳಿಗ್ಗೆ ನೇರ ಬೀರಣ್ಣನ ಮಂದೆಗೆ ಹೋಗಿ ಗೌರಿಯ ಎರಡು ಕೊಬ್ಬಿದ ಕುರಿಗಳನ್ನು ಆಟೊಗೆ ಹತ್ತಿಸಿದೆ. ಅವನು ಅಡ್ಡ ನಿಂತ.

"ಗೌರಮ್ಮ ಹೇಳ್ದೆ ನಾನು ಬಿಡಾಕಿಲ್ಲ ಕಣಪ್ಪ."

ಕೋಪ ಅವನ ಹತ್ತಿರ ನಡೆಯುವುದಿಲ್ಲವೆಂದು ತಿಳಿದು ಅವನ ಕಾಲು ಹಿಡಿದೆ. ಶಿವರಾತ್ರಿಯೊಳಗೆ ಬದಲಿ ಕುರಿ ತಂದು ಬಿಡುತ್ತೇನೆ, ಅವಳಿಗೆ ಹೇಳಬೇಡ, ಹೇಳಿದರೆ ನಮ್ಮ ಸಂಸಾರ ಒಡೆದುಹೋಗುತ್ತದೆ ಎಂದೆ. ಅವನು ನನ್ನನ್ನು ಹಿಡಿದೆತ್ತಿ ನಿಲ್ಲಿಸಿದ. ಕೊನೆಗೆ ಬಲಗೈಯನ್ನು ನನ್ನ ಕೈಯ ಮೇಲಿಟ್ಟು ಮಾತು ಕೊಟ್ಟ. ಕುರಿ ಮಾರಿ ಕಂತು ಕಟ್ಟಿದೆ. ಮಿಕ್ಕಿದ್ದನ್ನು ಮತ್ತೆ ಆಟಕ್ಕೆ ಇಟ್ಟೆ.

ಶಿವರಾತ್ರಿ ಬಂತು, ಹೋಯಿತು. ಪಾರ್ವತಿಗೆ ನರ್ಸಿಂಗ್ ಸೀಟು ಸಿಕ್ಕಿತು. ಕುರಿ ಮಾರಿ ಫೀಸು ಕಟ್ಟಬೇಕೆಂದು ಗೌರಿ ಹೊರಟಳು. ಮಗಳೂ ಬಂದಳು, ನಾನೂ ಹೋಗಲೇಬೇಕಾಯಿತು. ಹಟ್ಟಿಯ ಮುಂದೆ ಊರಿನವರು ಒಂದಷ್ಟು ಜನ ಸೇರಿದ್ದರು. ಗೌರಿ ಕಚ್ಚಿನ ಕಿವಿಗಳನ್ನು ಒಂದೊಂದಾಗಿ ಸವರಿ ನೋಡಿದಳು.

"ಅಣ್ಣ, ಎರಡು ಕಮ್ಮಿ ಅವಲ್ಲ?"

ಕೇಳಿದ್ದು ಮೆತ್ತಗೇ. ಬೀರಣ್ಣ ನನ್ನ ಮುಖ ನೋಡಿದ. ನಾನೇ ಹೇಳಲಿ ಎಂದು ಕಾದ. ನಾನು ಹೇಳಲಿಲ್ಲ. ಅವನ ತುಟಿ ಅಲುಗಿತು.

ಅಷ್ಟೇ, ನುಗ್ಗಿದೆ.

"ಸತ್ತಿದ್ರೆ ಕಿವಿ ಎಲ್ಲಲಾ? ಕಿವಿ ತೋರ್ಸಲಾ!"

ತೋರಿಸಲು ಅವನಲ್ಲಿ ಕಿವಿಗಳಿಲ್ಲವೆಂಬುದು ನನಗಲ್ಲದೆ ಇನ್ಯಾರಿಗೆ ಗೊತ್ತಿತ್ತು! ಮೊದಲ ಗುದ್ದು ಬಾಯಿಗೇ ಹಾಕಿದೆ. ಹಲ್ಲು ತುಟಿಯಲ್ಲಿ ನೆಟ್ಟು ರಕ್ತ ಗಡ್ಡಕ್ಕೆ ಇಳಿಯಿತು. ಅವನದೇ ಕೋಲು ಕಿತ್ತುಕೊಂಡು ಹೆಗಲಿಗೆ, ಬೆನ್ನಿಗೆ, ಮೊಣಕಾಲಿಗೆ ಬಾರಿಸಿದೆ. ನಾಯಿ ನನ್ನ ಮೇಲೆ ಎಗರಿತು, ಒದ್ದೆ. ಕುರಿಗಳು ಬೆದರಿ ಒಂದರ ಮೇಲೊಂದು ಬಿದ್ದವು. ಗುಂಪಿನಲ್ಲಿ ಯಾರೋ ತೆಲುಗಿನಲ್ಲಿ "ಕೊಟ್ಟು ರಾ, ದೊಂಗನಿ ಕೊಟ್ಟು!" — ಹೊಡಿಯೋ, ಕಳ್ಳನನ್ನು ಹೊಡಿ — ಎಂದು ಹುರಿದುಂಬಿಸಿದ. ಕಳ್ಳ, ಕಳ್ಳ ಎಂದು ಉಳಿದವರೂ ಕೂಗಿದರು. ತಲೆಗೆ ಬೀಸಿದ ಏಟಿಗೆ ಬೀರಣ್ಣ ಬಲಗೈ ಅಡ್ಡ ಹಿಡಿದ. ಒಣಗಿದ ಸೌದೆ ಮುರಿದ ಹಾಗೆ ಸದ್ದಾಯಿತು. ಅಷ್ಟಾದರೂ ನಾನು ನಿಲ್ಲಿಸಲಿಲ್ಲ. ಅಲ್ಲಿಯವರೆಗೆ ಕಲ್ಲಿನಂತೆ ನಿಂತಿದ್ದ ಗೌರಿ ಚಪ್ಪಲಿ ತೆಗೆದು ಅವನ ಕೆನ್ನೆಗೆ ಹೊಡೆದಳು. "ಅಣ್ಣ ಅಂತಿದ್ನಲ್ಲೋ ನಿನ್ನ!" ಎಂದು ಕಿರುಚಿದಳು.

ಸಿಟ್ಟಿನಲ್ಲಿ ಹೊಡೆದೆ ಎಂದು ಎಲ್ಲರೂ ತಿಳಿದರು. ಸಿಟ್ಟಲ್ಲ. ಆ ಬಾಯಿ ತೆರೆಯದಿರಲಿ ಎಂದು ಹೊಡೆದೆ. ಕೋಲು ಎಲ್ಲಿ ಬೀಳುತ್ತಿದ್ದರೂ ನನ್ನ ಕಣ್ಣು ಅವನ ತುಟಿಯ ಮೇಲೇ ಇತ್ತು.

ಮಣ್ಣಿನಲ್ಲಿ ಬಿದ್ದುಕೊಂಡೇ ಅವನು ಹೇಳಿದ್ದು ಇಷ್ಟು: "ನನ್ ಪಾಲಿನವು ಎರಡು ತಕೋ ಗೌರಮ್ಮ. ಮಗೀನ ಓದು ನಿಲ್ಲೋದ್ ಬ್ಯಾಡ."

ತೆಗೆದುಕೊಂಡೆವು.

ನಾಟಿ ವೈದ್ಯ ಕಟ್ಟಿದ ಕೈ ಸೊಟ್ಟಗೆ ಕೂಡಿತು. ಪಾಲಿಗೆ ಬಿಟ್ಟವರೆಲ್ಲ ತಮ್ಮ ಕುರಿಗಳನ್ನು ಹೊಡೆದುಕೊಂಡು ಹೋದರು. ಮಂದೆ ಕರಗಿತು. ಸಂತೆಯಲ್ಲಿ ಬೇರೆಯವರ ಕುರಿಗಳನ್ನು ಕಾದು ನಿಲ್ಲುವ ಕೂಲಿಗೆ ಅವನು ಸೇರಿದ. ಇದೆಲ್ಲ ನನ್ನ ಕಿವಿಗೆ ಬೀಳುತ್ತಲೇ ಇತ್ತು.

ಪಾರ್ವತಿ ನರ್ಸ್ ಆದಳು. ಗೌರಿ ಹೆಂಗಸರ ಉಳಿತಾಯ ಸಂಘದಲ್ಲಿ ಎಲ್ಲರಿಗೂ ಬುದ್ಧಿ ಹೇಳುವವಳಾದಳು. "ಸಂಪಾದ್ನೆ ಕೈಗೆ ಬಂದ ತಕ್ಷಣ ಒಂದಿಷ್ಟು ಎತ್ತಿಡ್ರಮ್ಮ, ಆಮೇಲೆ ಖರ್ಚು ಮಾಡ್ರಿ. ಎತ್ತಿಟ್ಟಿದ್ದನ್ನ ಕಾಯ್ಕಳ್ಳೋದೂ ಕಲೀರಿ. ನಮ್ಮೆಜಮಾನ್ರು ಅವತ್ತು ಇಲ್ದೇ ಹೋಗಿದ್ರೆ ನನ್ ಮಗಳು ನರ್ಸ್ ಆಯ್ತಿದ್ಲಾ?" ಹೊರಗೆ ಆಟೊದಲ್ಲಿ ಕೂತು ಈ ಹೊಗಳಿಕೆಯನ್ನು ನಾನು ಎಷ್ಟು ಸಲ ಕೇಳಿದ್ದೇನೆ! ಕೇಳಿ ಟೀ ಕುಡಿದಿದ್ದೇನೆ. ಇಸ್ಪೀಟು ಬಿಟ್ಟೆ, ನಿಜ. ಆದರೆ ಬಾಯಿ ಬಿಡಲಿಲ್ಲ.

ಈಚೆಗೆ ಒಂದು ಮಧ್ಯಾಹ್ನ ಪಾರ್ವತಿ ಊಟಕ್ಕೆ ಕೂತಾಗ, ತನ್ನ ಸಂಬಳದಲ್ಲಿ ಉಳಿಸಿ ಅಮ್ಮನ ಹಾಗೆ ಒಂದು ಕುರಿ ಕೊಂಡಿರುವುದಾಗಿ ಹೇಳಿದಳು. "ಪಾಲಿಗೆ ಬಿಡೋವಾಗ ನೀನು ಬಂದು ನಿಂತ್ಕೊಳಪ್ಪ, ಸಾಕು. ನಿನ್ ಮುಖ ಕಂಡ್ರೆ ಒಬ್ನೂ ಕದಿಯಾಕಿಲ್ಲ" ಎಂದು ನಕ್ಕಳು.

ಅಲ್ಲೇ, ತಟ್ಟೆಯ ಮುಂದೆಯೇ, ಎಲ್ಲವನ್ನೂ ಹೇಳಿದೆ.

ಗೌರಿ ನನ್ನ ಮೇಲೆ ಬೀಳುತ್ತಾಳೆ ಎಂದುಕೊಂಡಿದ್ದೆ. ಬೀಳಲಿ ಎಂದೇ ಕಾದೆ. ಅವಳು ನನ್ನತ್ತ ನೋಡಲೂ ಇಲ್ಲ. "ನನ್ ಕೈಲೂ ಹೊಡ್ಸಿದ್ಯಲ್ಲೋ... ನನ್ ಕೈಲೂ..." ಎನ್ನುತ್ತ ತನ್ನ ಬಲಗೈಯನ್ನು ಹೊಸಿಲಿಗೆ ಬಡಿಯತೊಡಗಿದಳು. ಚರ್ಮ ಕಿತ್ತು ರಕ್ತ ಬಂತು. ಪಾರ್ವತಿ ತಾಯಿಯನ್ನು ತಬ್ಬಿ ಹಿಡಿಯುವವರೆಗೂ ಬಡಿದಳು. ನಾನು ಹಿಡಿಯಲು ಹೋದಾಗ ಮಗಳು ನನ್ನ ಎದೆಗೆ ಕೈಯಿಟ್ಟು ನೂಕಿದಳು.

ಮುಂದಿನ ಸಂತೆಗೆ ಮೂವರೂ ಕಲ್ಯಾಣದುರ್ಗಕ್ಕೆ ಹೋದೆವು, ಪಾರ್ವತಿಯ ಕುರಿಯನ್ನೂ ಕರೆದುಕೊಂಡು. ಜನ ತುಂಬಿದ ಹೊತ್ತಿನಲ್ಲಿ ನಾನು ಕೂಗಿ ಹೇಳಿದೆ — ಕುರಿ ಕದ್ದವನು ನಾನು, ಬೀರಣ್ಣ ಅಲ್ಲ. ಒಬ್ಬ ಕೊರಳಪಟ್ಟಿ ಹಿಡಿದು ಮುಖಕ್ಕೆ ಗುದ್ದಿದ. ಇನ್ನೊಬ್ಬ ಹೊಟ್ಟೆಗೆ ಒದ್ದ. ನಾನು ಕೈ ಎತ್ತಲಿಲ್ಲ. ಬೀರಣ್ಣ ಬಂದು ಎಡಗೈಯಲ್ಲಿ ಅವರನ್ನು ಸರಿಸಿದ. ಗೌರಿ ಅವನ ಕಾಲಿಗೆ ಬಿದ್ದಳು, ಅವನು ಎತ್ತಿ ನಿಲ್ಲಿಸಿದ. ನಾನು ಕ್ಷಮೆ ಕೇಳಲು ಬಾಯಿ ತೆರೆದೆ.

"ಕೈ ಹೋಗಿದ್ದು ಹೋಗ್ಲಿ ಬಿಡಪ್ಪ" ಎಂದ ಬೀರಣ್ಣ. "ನನ್ ಎಂಡ್ರು ಸಾಯೋ ಮುಂಚೆ ಕೇಳಿದ್ಲು, ಈಗ್ಲಾದ್ರೂ ನಿಜ ಹೇಳು, ಆ ಕುರಿ ಏನ್ ಮಾಡ್ದೆ ಅಂತ. ಗೌರಮ್ಮನ ಸಂಸಾರ ಕೆಡ್ತದೆ ಅಂತ ಹೇಳ್ನಿಲ್ಲ. ಕಳ್ಳನ ಎಂಡ್ರು ಅಂದ್ಕಂಡೇ ಕಣ್ ಮುಚ್ಚಿದ್ಲು. ಹೇಳೋದಿದ್ರೆ ಹೋಗಿ ಅವಳಿಗೇಳು."

ಅವನು ತಿರುಗಿ ಜನರ ನಡುವೆ ನಡೆದ. ಪಾರ್ವತಿ ಕುರಿಯ ಹಗ್ಗ ಹಿಡಿದು ಅವನ ಹಿಂದೆ ಹೋದಳು, ಗೌರಿಯೂ ಹೋದಳು. ನಾನು ನಿಂತಲ್ಲೇ ನಿಂತೆ. ಅವನ ಹೆಂಡತಿಯ ಹೆಸರೇನೆಂಬುದೂ ನನಗೆ ಗೊತ್ತಿರಲಿಲ್ಲ.