ರೇವವ್ವ ನೋಡಿದ ಕುಸ್ತಿ

ಡಬ್ಬಿಯೊಳಗಿನ ಪೈಲ್ವಾನರ ಸುದ್ದಿ ರೇವವ್ವನ ಕಿವಿಗೆ ಮೊದಲು ಬಿದ್ದದ್ದು ಅವಳು ಆಡಿನ ಹಾಲು ಹಿಂಡುತ್ತ ಕೂತಿದ್ದಾಗ. ಪಕ್ಕದ ಮನೆಯ ಶಂಕ್ರೆವ್ವ ಗೋಡೆಯ ಮೇಲಿಂದ ತಲೆ ಹಾಕಿದಳು.

“ಏ ರೇವಿ, ಇವತ್ತ ಸಂಜಿಗೆ ಸಾಲ್ಯಾಗ ಟೀವಿ ಒಳಗ ಕುಸ್ತಿ ಐತಂತ. ಹೆಣ್ಣಮಕ್ಕಳು ಮುಂದ ಕುಂಡ್ರಬೇಕಂತ, ಮಾಸ್ತರು ಹೇಳ್ಯಾರ.”

“ಕುಸ್ತಿ ನಾವು ನೋಡೂದ?”

“ಅವರೇನ ಡಬ್ಬಿ ಬಿಟ್ಟು ಹೊರಗ ಬರ್ತಾರನ?”

ಎಪ್ಪತ್ತೈದನೇ ಇಸವಿ. ದೇವರ ಹಿಪ್ಪರಗಿಯ ಆಚೆಯ ಆ ಸಣ್ಣ ಊರಿಗೆ ಸರಕಾರದವರು ಟೀವಿ ಕೊಟ್ಟು, ಶಾಲೆಯ ಮಾಳಿಗೆಯ ಮೇಲೆ ಜಾಳಿಗೆ ತಂತಿಯ ದೊಡ್ಡ ಕೊಡೆಯೊಂದನ್ನು ಕೂರಿಸಿ ಹೋಗಿದ್ದರು. ಗೊಬ್ಬರದ ಮಾತು, ಕೂಸಿನ ಆರೈಕೆ, ಹಾಡು ಎಲ್ಲ ಬಂದಿದ್ದವು. ಕುಸ್ತಿ ಬಂದಿರಲಿಲ್ಲ.

ಆ ಸೀಮೆಯಲ್ಲಿ ಹೆಂಗಸರು ಕುಸ್ತಿಯ ಕಣಕ್ಕೆ ಹೋಗುತ್ತಿರಲಿಲ್ಲ. ಯಾರೂ ಬೇಡ ಎಂದದ್ದಲ್ಲ, ಹೋಗುತ್ತಿರಲಿಲ್ಲ ಅಷ್ಟೆ. ಹಾಗಾಗಿ ಬೀರಣ್ಣ ಪೈಲ್ವಾನನ ಹೆಂಡತಿಯಾಗಿ ವರ್ಷಗಟ್ಟಲೆ ಬಾಳಿದರೂ ರೇವವ್ವ ಒಂದು ಕುಸ್ತಿ ನೋಡಿದವಳಲ್ಲ. ಅವಳ ಪಾಲಿಗೆ ಬಂದದ್ದು ಗಂಡನ ಬೆನ್ನಿಗೆ ಎಣ್ಣೆ ತಿಕ್ಕುವುದು, ಚಡ್ಡಿಗೆ ಮೆತ್ತಿದ ಕೆಮ್ಮಣ್ಣು ತೊಳೆಯುವುದು. ಮೊಣಕಾಲು ಕೈಕೊಟ್ಟು ಅವನು ಕಣ ಬಿಟ್ಟು ಕುರಿಯ ಹಿಂದೆ ಬಿದ್ದ ಮೇಲೆ ಅದೂ ತಪ್ಪಿತು. ಸಿಂದಗಿ ಬಸ್ಸಿನ ಕಂಡಕ್ಟರು ಮಾತ್ರ ಇನ್ನೂ ಅವನಿಗೆ ಸೀಟು ಬಿಡಿಸಿ ಕೊಡುತ್ತಿದ್ದ. ನಾಲತವಾಡದ ಪೈಲ್ವಾನನನ್ನು ಬೀರಣ್ಣ ಹೆಗಲಿಗೇರಿಸಿ ಕೆಡವಿದ್ದನ್ನು ಹೇಳಿ, “ಯಕ್ಕಾ, ನೀವು ನೋಡಬೇಕಿತ್ರಿ” ಅನ್ನುತ್ತಿದ್ದ. ರೇವವ್ವ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ತನ್ನ ಗಂಡನನ್ನು ತನಗಿಂತ ಹೆಚ್ಚಾಗಿ ಈ ಟಿಕೀಟು ಹರಿಯುವವನು ಕಂಡಿದ್ದಾನಲ್ಲ ಎಂದು ಹೊಟ್ಟೆಯಲ್ಲಿ ಮಾತ್ರ ಖಾರ ಕಲೆಸಿದಂತಾಗುತ್ತಿತ್ತು.

ಆ ಸಂಜೆ ಹೆಂಗಸರು ಮುಂದೆ ಕೂತರು, ಗಂಡಸರು ಹಿಂದೆ ನಿಂತರು. ಡಬ್ಬಿಯಲ್ಲಿ ಮಣ್ಣಿನ ಕಣವಿರಲಿಲ್ಲ. ಹಗ್ಗ ಕಟ್ಟಿದ ಕಟ್ಟೆ, ಅದರ ಮೇಲೆ ಮುಖವಾಡದವನೊಬ್ಬ, ಚಿರತೆಯ ಚುಕ್ಕೆಯ ಚಡ್ಡಿಯವನೊಬ್ಬ. ಚಿರತೆ ಚಡ್ಡಿಯವನು ಹಗ್ಗಕ್ಕೆ ಒರಗಿ ಹಾರಿ ಬಂದು ಮುಖವಾಡದವನನ್ನು ಎತ್ತಿ ತಲೆಯ ಮೇಲೆ ತಿರುಗಿಸಿದ. ರೇವವ್ವ ತನಗೆ ಗೊತ್ತಿಲ್ಲದೆ ಎದ್ದು ನಿಂತಿದ್ದಳು.

“ಒಗಿ ಅವನ್ನ! ಒಗಿ!”

“ಕೂಡವ್ವ ತಾಯಿ,” ಶಂಕ್ರೆವ್ವ ಸೀರೆ ಹಿಡಿದು ಜಗ್ಗಿದಳು. “ಮನ್ಯಾಗಿನ ಪೈಲ್ವಾನ ಸಾಲವಲ್ಲನೇನ?”

ಶಾಲೆಯೆಲ್ಲ ನಕ್ಕಿತು. ಹಿಂದೆ ನಿಂತಿದ್ದ ಬೀರಣ್ಣನೂ ಕೇಳಿಸಿಕೊಂಡ.

ಮನೆಯ ಹಾದಿಯಲ್ಲಿ ಅವನು ಬಾಯಿ ಬಿಟ್ಟ. “ಅದು ಕುಸ್ತಿ ಅಲ್ಲ. ಬೀಳಾಂವ ತಾನೇ ಜಿಗದಾನ. ಕಾಲು ನೋಡಬೇಕ, ಮೊದಲ ಕಾಲು ಜಿಗೀತಾವ.”

“ನನಗೇನ ಗೊತ್ತರಿ? ನಾ ನೋಡಿದ್ದು ಅದೊಂದ.”

ಬೀರಣ್ಣ ಕುಂಟುತ್ತಲೇ ಹೆಜ್ಜೆ ಬಿರುಸು ಮಾಡಿದ.

ಅಲ್ಲಿಂದ ಆ ಕುಸ್ತಿ ಬಂದಾಗಲೆಲ್ಲ ಅವನು ಶಾಲೆಗೆ ತಪ್ಪದೆ ಹೋದ. ಹಿಂದೆ ನಿಲ್ಲುತ್ತಿರಲಿಲ್ಲ, ಪಕ್ಕದ ಕಿಟಕಿಗೆ ಆತು ನಿಲ್ಲುತ್ತಿದ್ದ. ಅಲ್ಲಿಂದ ಡಬ್ಬಿ ಕಾಣುವುದಿಲ್ಲ, ರೇವವ್ವನ ಮುಖ ಕಾಣುತ್ತದೆ. ಅವಳು ಕಣ್ಣರಳಿಸಿದರೆ ಅವನ ದವಡೆ ಬಿಗಿಯುತ್ತಿತ್ತು. ಮರುದಿನ ರೊಟ್ಟಿ ದಪ್ಪಾತು, ಪಲ್ಯೆ ಸಪ್ಪಗಾತು ಎಂದು ತಕರಾರು.

“ಬ್ಯಾಡಂದ್ರ ಹೋಗೂದ ಬಿಡ್ತೇನ್ರಿ,” ಅಂದಳು ಒಮ್ಮೆ.

“ಹೋಗು. ನಾ ಎಲ್ಲಿ ಬ್ಯಾಡಂದೀನಿ? ಆ ಚಿರತಿ ಚಡ್ಡ್ಯಾಂವ ನಿನ್ನ ಹಾದಿ ಕಾಯಾಕತ್ತಿರ್ತಾನ.”

ರೇವವ್ವನಿಗೆ ಸಿಟ್ಟು ಬಂತು. ಜೊತೆಗೆ, ಸುಳ್ಳೇಕೆ, ಸ್ವಲ್ಪ ಸುಖವೂ ಆಯಿತು. ಹೊಟ್ಟೆಯ ಖಾರ ಇಷ್ಟು ದಿನ ತನ್ನೊಬ್ಬಳದೇ ಆಗಿತ್ತು.

ಜೋಳದ ರಾಶಿ ಮುಗಿದ ಮೇಲೊಂದು ದಿನ ಅವನು, “ಬುತ್ತಿ ನೀನ ತಗೊಂಡ ಬಾ” ಎಂದು ಹೇಳಿ ಹೋದ. ಬಯಲ ಕುರಿಹಟ್ಟಿಗೆ ಹೋದರೆ ಹದ ಮಾಡಿದ ಹೊಲದಲ್ಲಿ ಬೀರಣ್ಣ ಚಡ್ಡಿಯಲ್ಲಿ ನಿಂತಿದ್ದ. ಎದುರಿಗೆ ಅವನ ಚಿಕ್ಕಪ್ಪನ ಮಗ ಸಿದ್ದರಾಯ, ಊರಿನ ಹೊಸ ಪೈಲ್ವಾನ. ಅವನು ನಾಚಿಕೊಂಡು ಕೈ ಮುಗಿದ.

“ವೈನಿ, ಅಣ್ಣ ಕೇಳವಲ್ಲ.”

“ನೀ ಮಾತ ಬಿಡು, ಪಟ್ಟು ಹಿಡಿ,” ಅಂದ ಬೀರಣ್ಣ.

ರೇವವ್ವ ಬುತ್ತಿಯನ್ನು ತಲೆಯಿಂದ ಇಳಿಸಲಿಲ್ಲ. ಇಬ್ಬರೂ ತೊಡೆ ತಟ್ಟಿದರು, ಕತ್ತಿಗೆ ಕೈ ಹಾಕಿ ಸುತ್ತಿದರು. ಗಂಡನ ಬೆನ್ನಿನಲ್ಲಿ, ತಾನು ಎಣ್ಣೆ ತಿಕ್ಕಿದ ಆ ಬೆನ್ನಿನಲ್ಲಿ, ಅವಳು ಎಂದೂ ಕಂಡಿರದ ನರಗಳು ಎದ್ದವು. ಬೀರಣ್ಣ ತಟ್ಟನೆ ತಿರುಗಿ ಸೊಂಟ ಕೊಟ್ಟ. ಸಿದ್ದರಾಯ ಅವನ ಹೆಗಲ ಮೇಲಿಂದ ಹಾರಿ ಬೆನ್ನು ಕೆಳಗಾಗಿ ಬಿದ್ದ. ಅವಳು ಕೈ ತಟ್ಟಿದಳು, ಬುತ್ತಿ ಉರುಳಿ ರೊಟ್ಟಿಗಳು ಮಣ್ಣಿಗೆ ಬಿದ್ದವು.

ಬೀರಣ್ಣ ತಿರುಗಿ ಅವಳನ್ನು ನೋಡಲಿಲ್ಲ. ಬಿದ್ದವನನ್ನೇ ನೋಡುತ್ತಿದ್ದ.

“ನೀನ ಜಿಗದಿ.”

“ಇಲ್ಲಣ್ಣ. ನಿಮ್ಮ ಪಾದ ಮುಟ್ಟಿ ಆಣಿ ಹಾಕ್ತೀನಿ.”

“ಆಣಿ ಹಾಕಬ್ಯಾಡ. ಮೊದಲ ನಿನ್ನ ಕಾಲು ಜಿಗದಾವ.”

ಸಿದ್ದರಾಯ ಮೈಮಣ್ಣು ಕೊಡವಿಕೊಂಡು ತಲೆ ತಗ್ಗಿಸಿದ. ಹಿರಿಯನನ್ನು, ಅದೂ ಕುಂಟುಗಾಲಿನವನನ್ನು, ಅವನ ಹೆಂಡತಿಯ ಮುಂದೆ ಹೇಗೆ ಕೆಡವಿಯಾನು? ಆ ದಿನ ಬೀರಣ್ಣ ಊಟ ಮಾಡಲಿಲ್ಲ. ಶಾಲೆಯ ಕಿಟಕಿಗೂ ಮತ್ತೆ ಹೋಗಲಿಲ್ಲ. ಆ ಮಳೆಗಾಲದಲ್ಲಿ ಟೀವಿಯೇ ನಿಂತುಹೋಯಿತು.

ಎಪ್ಪತ್ತೊಂಬತ್ತರ ಚಳಿಗಾಲದಲ್ಲಿ ಅವನಿಗೆ ಕಾಮಣಿಯಾಗಿ ಮೈಯೆಲ್ಲ ಹಳದಿಗಟ್ಟಿತು. ಹಾಸಿಗೆಯ ಸುತ್ತ ಗಂಡಸರು ಬಂದು ಕೂತು ಅವವೇ ಹಳೆಯ ಕುಸ್ತಿಗಳನ್ನು ಹೇಳುತ್ತಿದ್ದರು. ರೇವವ್ವ ಗೋಡೆಗೆ ಆತು ಕೇಳುತ್ತಿದ್ದಳು. ಒಂದು ಸಂಜೆ, “ನಾನೂ ಒಂದ ನೋಡೀನಿ” ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂತು. ಹೇಳುವಷ್ಟರಲ್ಲಿ ಬೀರಣ್ಣ ಅವಳತ್ತ ಕಣ್ಣು ಹೊರಳಿಸಿದ. ಎಲ್ಲರೂ ಎದ್ದು ಹೋದ ಮೇಲೆ ಹತ್ತಿರ ಕರೆದ.

“ಹೊಲದಾಗಿಂದು ಯಾರ ಮುಂದೂ ಆಡಬ್ಯಾಡ,” ಅಂದ. “ಅದೂ ಕುಸ್ತಿ ಅಲ್ಲ. ಯಾರರ ಕೇಳಿದ್ರ, ನನ್ನ ಗಂಡನ ಕುಸ್ತಿ ನಾ ನೋಡೇ ಇಲ್ಲ ಅನ್ನು. ಅಂತೀ ಹೌದಲ್ಲ?”