ಬಲಗಡೆಯ ರೆಕ್ಕೆ

ಅಕ್ಕನ ಮಕ್ಕಳು ಅವಳನ್ನು ಮೀನು ಚಿಕ್ಕಮ್ಮ ಎಂದೇ ಕರೆಯುತ್ತಿದ್ದರು. ಕಾಲೇಜಿನ ಹಿಂಬದಿಯ ಕೋಣೆಯಲ್ಲಿ ಬಾಟಲಿಗಳ ನಡುವೆ ಕೂತು ಮೀನುಗಳ ಜಾತಿ ಗುರುತಿಸುವುದು ಅವಳ ಕೆಲಸ. ಜೊತೆಗಿದ್ದವರು ಒಬ್ಬೊಬ್ಬರಾಗಿ ಬೇರೆ ಕೆಲಸ ಹಿಡಿದು ಹೋಗಿದ್ದರು. ಅವರ ಸೂಕ್ಷ್ಮದರ್ಶಕಗಳು ಮುಸುಕು ಹೊದ್ದು ಕೂತಿದ್ದವು. ಕೆಲವು ದಿನ ಸಂಜೆ ಬಸ್ಸಿನಲ್ಲಿ ಟಿಕೆಟ್ ಕೇಳುವಾಗ ಅವಳ ಗಂಟಲು ಕಟ್ಟಿರುತ್ತಿತ್ತು. ಬೆಳಗಿನಿಂದ ಬಾಯಿ ತೆರೆದದ್ದೇ ಆಗ.

ಅಂಥದ್ದರಲ್ಲಿ ಸಿಕ್ಕಿತ್ತು, ಕಡಲ ಬಂಡೆಗಳ ಸಂದಿನಲ್ಲಿ, ಬೆರಳುದ್ದದ ಆ ಒಂದೇ ಒಂದು ಮೀನು. ನೋಡಲು ಅಲ್ಲಿನ ಮಾಮೂಲಿ ಮೀನಿನಂತೆಯೇ. ಆದರೆ ಎದೆಯ ರೆಕ್ಕೆ ಎತ್ತಿದರೆ ಅಡಿಯಲ್ಲಿ ಸಾಸಿವೆಯಷ್ಟು ಕಪ್ಪು ಚುಕ್ಕೆ, ಯಾವ ಪುಸ್ತಕದಲ್ಲೂ ಇಲ್ಲದ್ದು. ಹೊಸ ಜಾತಿಯೆಂದಾದರೆ ಅದರ ಹೆಸರಿನ ಬೆನ್ನಿಗೆ, ಅದನ್ನು ಮೊದಲು ವಿವರಿಸಿ ಬರೆದವಳ ಹೆಸರೂ ಅಂಟಿಕೊಂಡೇ ಇರುತ್ತದೆ. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

"ಗಂಡು ತೋರಿಸಿದ್ರೆ ನೂರು ಕೊಂಕು ತೆಗೀತಿದ್ದೆ. ಆ ಮೀನನ್ನ ಮಾತ್ರ ಕಣ್ಣು ಮುಚ್ಕೊಂಡು ಒಪ್ಕೊಂಡ್ಯಲ್ಲೇ," ಅಕ್ಕ ಫೋನಿನಲ್ಲಿ ಕಿಚಾಯಿಸಿದಳು.

"ಅದು ಎದುರು ಮಾತಾಡಲ್ಲ, ಅಕ್ಕ."

ಮೀನನ್ನು ತಲೆ ಎಡಕ್ಕಿಟ್ಟು ಮಲಗಿಸುವುದು ಆ ಕೆಲಸದವರ ರೂಢಿ. ಅಳತೆ, ಚಿತ್ರ ಎಲ್ಲವೂ ಎಡಮೈಯದು. ಬಲಮೈ ಕೊಯ್ಯುವುದಕ್ಕೆ ಮಾತ್ರ. ಇದ್ದದ್ದು ಒಂದೇ ಮೀನು, ಕತ್ತರಿ ಹಾಕಲು ಮನಸ್ಸು ಬಾರದೆ ಆ ಕೆಲಸವನ್ನು ಅವಳು ಮುಂದೂಡುತ್ತಲೇ ಬಂದಿದ್ದಳು. ಪತ್ರಿಕೆಗೆ ಕಳಿಸಬೇಕಾದ ಬರಹವೆಲ್ಲ ಮುಗಿದು, ಕಿವಿರು ಬಿಡಿಸಿ ನೋಡುವುದೊಂದೇ ಬಾಕಿ ಉಳಿದಾಗ ಮೀನನ್ನು ಮಗುಚಿ ಬಲಗಡೆಯ ರೆಕ್ಕೆ ಎತ್ತಿದಳು. ಅಡಿಯಲ್ಲಿ ಬಿಳಿಚಿದ ಚರ್ಮ ಬಿಟ್ಟರೆ ಏನೂ ಇರಲಿಲ್ಲ.

ಮತ್ತೆ ಮಗುಚಿ, ಎಡಗಡೆಯ ಚುಕ್ಕೆಗೆ ಸೂಜಿ ತಾಗಿಸಿದಳು. ಪುಟ್ಟ ಚೀಲವೊಂದು ಕಳಚಿ ಬಂತು. ಒಳಗೆ ಮುದುಡಿಕೊಂಡ ಹುಳ. ಚುಕ್ಕೆ ಮೀನಿನದಲ್ಲ, ಹುಳದ್ದು. ಅದಿಲ್ಲದಿದ್ದರೆ ಇದು ಮಾಮೂಲಿ ಮೀನೇ.

ಅಕ್ಕನಿಗೆ ಫೋನ್ ಮಾಡಿ ಹೇಳಿದಳು.

"ಆ ಕಡೆ ಯಾರೇ ಮಗುಚಿ ನೋಡ್ತಾರೆ? ಬರೆದದ್ದನ್ನ ಕಳಿಸಿಬಿಡು," ಅಂದಳು ಅಕ್ಕ.

"ನಾನು ನೋಡಿಬಿಟ್ಟೆನಲ್ಲ."

"ಊಟ ಮಾಡಿದ್ಯಾ?"

"ಮಾಡ್ತೀನಿ."

ಫೋನ್ ಇಟ್ಟು, ಅದೇ ಬಂಡೆಗಳಿಂದ ತಂದ ಮಾಮೂಲಿ ಮೀನುಗಳ ದೊಡ್ಡ ಜಾಡಿಯ ಮುಚ್ಚಳ ತಿರುಗಿಸಿದಳು. ಬೇರೆ ಚೀಟಿ ಬೇಕಿರಲಿಲ್ಲ, ಜಾಡಿಯ ಮೇಲೆ ಹೆಸರಿತ್ತು. ಮೀನು ಉಳಿದವುಗಳ ನಡುವೆ ಜಾರಿ ಇಳಿಯಿತು. ಗಾಜಿಗೆ ಮುಖ ಹತ್ತಿಸಿ ತನ್ನದು ಯಾವುದೆಂದು ಹುಡುಕಿದಳು. ಸೂಜಿಯ ಗಾಯ ಇರಬೇಕಿತ್ತು. ರೆಕ್ಕೆ ಅದನ್ನು ಮುಚ್ಚಿತ್ತು.